ಸದ್ದಿಲ್ಲದ ಅಪ್ಪ

ಹೊಸ ಫೈಲಿನಲ್ಲಿ ಅಪ್ಪನ ಬಾಯಿ ಆಡುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಮಗ ವಾಲ್ಯೂಮನ್ನು ತುದಿ ಮುಟ್ಟಿಸಿದ. ಹಳೆಯ ವಿಡಿಯೊ ಅಮ್ಮನ ಹೊಸ ಫೋನಿನಲ್ಲಿ ತೆರೆಯುವುದಿಲ್ಲವೆಂದು ಆನ್‌ಲೈನ್‌ನಲ್ಲಿ ಬೇರೆ ಫಾರ್ಮ್ಯಾಟ್‌ಗೆ ಬದಲಾಯಿಸಿದ್ದ. ಸೈಜ್ ಇಳಿಯಲೆಂದು ಏನೇನೋ ಟಿಕ್ ಮಾಡಿದ್ದ; ಅದರಲ್ಲಿ ‘ಆಡಿಯೊ ಬೇಡ’ ಎಂಬುದೂ ಇತ್ತೆಂದು ಈಗ ಹೊಳೆಯಿತು. ಹಳೆಯ ಫೈಲನ್ನು ಬೆಳಿಗ್ಗೆಯೇ ಅಳಿಸಿದ್ದ. ತೀರಿಕೊಂಡ ಅಪ್ಪನ ದನಿ ಇದ್ದದ್ದು ಅದೊಂದರಲ್ಲೇ.

“ಇದ್ದಾಗ ಒಂದು ದಿನ ಬಾಯಿ ಮುಚ್ಚಿದವರಲ್ಲ, ಈಗೇನೋ ಮೌನವ್ರತ?” ಎಂದು ಅಮ್ಮ ನಕ್ಕಳು. ಮಗನ ಮುಖ ನೋಡಿದ ಮೇಲೆ ನಗು ನಿಂತಿತು. “ಚಿಕ್ಕವನಿದ್ದಾಗ ಅಪ್ಪನ ಥರ ಮಾತಾಡಿ ಏಟು ತಿಂತಿದ್ಯಲ್ಲ, ಒಂದ್ಸಲ ಹಾಗೇ ಮಾತಾಡು.”

ಪರದೆಯಲ್ಲಿ ಅಪ್ಪ ಕನ್ನಡಕವನ್ನು ಹಣೆಗೇರಿಸಿಕೊಂಡು ಏನೋ ಹುಡುಕುತ್ತಿದ್ದ. ಆ ತುಟಿಗಳು ಆಡಿದಂತೆಯೇ ಮಗ ಮೂಗಿನಲ್ಲಿ ಗೊಣಗಿದ: “ಏ ಇವಳೇ, ನನ್ ಕನ್ನಡಕ ಎಲ್ಲಿಟ್ಯೇ?”

ಅಮ್ಮ ಕಣ್ಣು ಮುಚ್ಚಿ ಕೇಳಿದಳು. “ಹೀಗಿರ್ಲಿಲ್ಲ ಕಣೋ ಅವರ ದನಿ,” ಎಂದಳು. ಆಮೇಲೆ ಥಟ್ಟನೆ ಕಣ್ಣು ತೆರೆದು ಅವನ ತೋಳು ಹಿಡಿದಳು.

“ಹೇಗಿತ್ತೋ?”