ಕೆಳಗಿನ ಹಿಡಿಕೆ

ಮಲಗುವ ಕೋಣೆಯ ಬಾಗಿಲು ತೆರೆಯಲು ಕೈ ಚಾಚಿದ ಮೆರಿನ್‌ಳಿಗೆ ಸಿಕ್ಕಿದ್ದು ಬರೀ ಗಾಳಿ. ಹಿಡಿಕೆ ಸೊಂಟಕ್ಕಿಂತ ಕೆಳಗಿತ್ತು.

"ಎಲ್ಲರೂ ಹೀಗೇ ತಡವರಿಸ್ತಾರೆ ನೋಡಿ!" ಎಂದು ಒಡೆಟ್ ನಕ್ಕಳು. ಹೋಬಾರ್ಟ್ ನಗರದಲ್ಲಿ ವರ್ಷಗಟ್ಟಲೆ ಮೆರಿನ್‌ಳ ಪಾಲುದಾರಳಾಗಿ ಮನೆಗಳ ಒಳಾಂಗಣ ರೂಪಿಸಿ, ಕಳೆದ ಚಳಿಗಾಲದಲ್ಲಿ ಬೇರೆಯಾದವಳು. ಇವತ್ತು ಅವಳ ಸ್ವಂತ ಸಂಸ್ಥೆಯ ಮೊದಲ ಮಾದರಿ ಮನೆಯನ್ನು ಗಿರಾಕಿಗಳಿಗೆ ತೋರಿಸುವ ದಿನ. ಮೆರಿನ್ ಹೂವು ಹಿಡಿದು ಬಂದಿದ್ದಳು.

"ಯಾಕ್ರೀ ಇಷ್ಟು ಕೆಳಗೆ?" ವೈನ್ ಹೀರುತ್ತಿದ್ದ ಗಿರಾಕಿಯೊಬ್ಬ ಕೇಳಿದ.

"ಅದೇ ನನ್ನ ಗುರುತು. ಒಳಗೆ ಹೋಗೋವಾಗ ಮನುಷ್ಯ ಸ್ವಲ್ಪ ಬಾಗ್ಲಿ ಅಂತ. ಒಂದಿನ ಬೆಳಗ್ಗೆ ಸುಮ್ನೆ ಹೊಳೀತು."

ಮೆರಿನ್ ಬಾಗಿ ಹಿಡಿಕೆ ಮುಟ್ಟಿ ನೋಡಿದಳು. ಗಾಲಿಕುರ್ಚಿಯಲ್ಲಿ ಕೂತ ತನ್ನ ಅಮ್ಮನ ಮೊಣಕೈ ನೋಡಿ ಅವಳು ಗೊತ್ತುಮಾಡಿದ್ದ ಎತ್ತರವದು. ಅಂದು ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದಿದ್ದವಳು ಇದೇ ಒಡೆಟ್. ಅಮ್ಮ ತನ್ನ ಕೋಣೆಯ ಬಾಗಿಲನ್ನು ತಾನೇ ತೆರೆದು, "ಬಾರೇ ಹುಡುಗಿ, ಒಳಗೆ ಬಾ" ಎಂದು ಮೊದಲು ಕರೆದದ್ದೂ ಅವಳನ್ನೇ.

"ಏನೇ, ಹೊಟ್ಟೆಕಿಚ್ಚಾ?" ಒಡೆಟ್ ಭುಜ ತಟ್ಟಿದಳು.

ಮೆರಿನ್ ಹೂವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕಸುಬಿನ ಅಭ್ಯಾಸದಂತೆ ಬಾಗಿಲ ಚೌಕಟ್ಟಿನ ಅಗಲವನ್ನು ಗೇಣು ಹಾಕಿ ಅಳೆದಳು. ನಂಬಲಾಗದೆ ಇನ್ನೊಮ್ಮೆ ಅಳೆದಳು.

"ಕದ್ದಿದ್ದು ಹೋಗ್ಲಿ ಬಿಡು, ಒಡೆಟ್," ಎಂದಳು ಮೆಲ್ಲಗೆ. "ಈ ಬಾಗಿಲಲ್ಲಿ ಅಮ್ಮನ ಕುರ್ಚಿ ತೂರಲ್ವಲ್ಲೇ."