ಟೆಂಟಿನ ಚೀಲದಡಿ ಇದ್ದ ಶೂ

ಬೆಳಿಗ್ಗೆ ಆರು ಗಂಟೆಗೆ, ಕಾರಿನ ಡಿಕ್ಕಿಯಲ್ಲಿ ಟಾರ್ಚ್ ಹುಡುಕುತ್ತಿದ್ದ ಹತ್ತು ವರ್ಷದ ಮಗಳಿಗೆ ಟೆಂಟಿನ ಚೀಲದಡಿ ತನ್ನ ಶಾಲೆಯ ಶೂ ಸಿಕ್ಕವು. ಅಪ್ಪ ಪಾಲಿಶ್ ಕೂಡ ಮಾಡಿದ್ದ.

“ಅಪ್ಪಾ, ಕಾಡಿಗೆ ಹೋಗೋಕೆ ಸ್ಕೂಲ್ ಶೂ ಯಾಕೆ? ಕರಡಿ ಹಾಜರಿ ತಗೊಳ್ಳುತ್ತಾ?”

ಅಪ್ಪ ನಗಲಿಲ್ಲ, ಅಮ್ಮನ ಮುಖ ನೋಡಿದ. “ಬರ್ತಾ ದೊಡ್ಡಮ್ಮನ ಮನೆಗೆ ಹೋಗ್ತೀವಿ, ಪುಟ್ಟಿ. ಈ ವರ್ಷ ನೀನು ಅಲ್ಲೇ ಇದ್ದು ಓದ್ತೀಯ,” ಅಂದಳು ಅಮ್ಮ. “ಟೆಂಟಲ್ಲಿ ನಿಧಾನಕ್ಕೆ ಹೇಳೋಣ ಅಂತಿದ್ವಿ.”

ಮಗಳು ಮತ್ತೆ ಬಗ್ಗಿ ಚೀಲದಡಿ ಕೈಯಾಡಿಸಿದಳು. ಬೇರೆ ಶೂ ಇರಲಿಲ್ಲ. ತಮ್ಮನ ಶಾಲೆಯ ಶೂ ಕೆಸರು ಮೆತ್ತಿಕೊಂಡೇ ಮನೆಬಾಗಿಲಲ್ಲಿ ಬಿದ್ದಿದ್ದವು.

“ಅಕ್ಕಾ, ಬೇಗ ಬಾರೇ!” ತಮ್ಮ ಕಾರಿನೊಳಗಿಂದ ಕೂಗಿದ. ಹಿಂದಿನ ಸೀಟಿನ ಒಂದು ಬದಿಗೆ ಹಾಸಿಗೆ ತುಂಬಿದ್ದರಿಂದ ಮಕ್ಕಳಿಗೆ ಉಳಿದಿದ್ದು ಒಂದೇ ಕಿಟಕಿ. ಅವಳು ಜಗಳವಾಡಿ ಅದನ್ನು ಗೆದ್ದಿದ್ದಳು. ಈಗ ತಮ್ಮನಿಗೆ ಬಿಟ್ಟುಕೊಟ್ಟಳು. ಕಾರು ಹೊರಟಿತು.