ದಿನಕ್ಕೊಂದು ದೀಪ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಕಣ್ಣು ಒದ್ದೆಯಾದರೆ ನನ್ನನ್ನು ಬೈಯಬೇಡಿ.

ಧಾರವಾಡದಿಂದ ಬೆಂಗಳೂರಿಗೆ ಹೊರಟ ಬೆಳಗಿನ ರೈಲು. ಕಿಟಕಿ ಪಕ್ಕ ಕೂತಿದ್ದವರು ಪ್ರಹ್ಲಾದ್, ದೊಡ್ಡ ಔಷಧಿ ಕಂಪನಿಯೊಂದರ ವಿಜ್ಞಾನಿ.

ಅವರ ತಂಡ ವರ್ಷಗಟ್ಟಲೆ ದುಡಿದು ಕ್ಯಾನ್ಸರ್‌ಗೆ ಒಂದು ಮಾತ್ರೆ ಕಂಡುಹಿಡಿದಿತ್ತು. ಕಂಪನಿಗೆ ಪೇಟೆಂಟ್ ಸಿಕ್ಕಿತ್ತು... ಅಂದರೆ ಇಪ್ಪತ್ತು ವರ್ಷ ಅದನ್ನು ಬೇರೆ ಯಾರೂ ತಯಾರಿಸುವಂತಿಲ್ಲ. ಕಂಪನಿ ಹೇಳಿದ್ದೇ ರೇಟು!

ಬರುವ ದೀಪಾವಳಿಗೆ ಆ ಪೇಟೆಂಟ್ ಮುಗಿಯುವುದಿತ್ತು. ಅಷ್ಟು ಸುಲಭಕ್ಕೆ ಬಿಡುತ್ತಾರೆಯೇ? ಮಾತ್ರೆಯ ಮೇಲಿನ ಲೇಪ ಒಂಚೂರು ಬದಲಿಸಿ, "ಇದು ಹೊಸ ಔಷಧಿ" ಎಂದು ಇನ್ನೊಂದು ಪೇಟೆಂಟ್‌ಗೆ ಅರ್ಜಿ ಸಿದ್ಧಪಡಿಸಿದ್ದರು. ಸೋಮವಾರ ಅದಕ್ಕೆ ಪ್ರಹ್ಲಾದ್ ಸಹಿ ಬೀಳಬೇಕು. ಫೈಲು ಅವರ ತೊಡೆಯ ಮೇಲೇ ಇತ್ತು.

ಎದುರು ಸೀಟಿನಲ್ಲಿ ನೀಲಗಂಗಮ್ಮ ಎಂಬ ಹಿರಿಯ ಹೆಂಗಸು ಕಸೂತಿ ಹಾಕುತ್ತಿದ್ದರು.

ರೈಲು ತೊಟ್ಟಿಲಿನಂತೆ ತೂಗುತ್ತಿತ್ತು... ಎಳೆಬಿಸಿಲು ಬಟ್ಟೆಯ ಮೇಲೆ ಆಡುತ್ತಿತ್ತು... ಸೂಜಿ ಮುಳುಗಿ ಏಳುವುದನ್ನು ನೋಡುತ್ತ ನೋಡುತ್ತ ಪ್ರಹ್ಲಾದ್‌ಗೆ ಮಂಪರು ಹತ್ತಿದಂತಾಯಿತು.

"ತುಂಬಾ ಚೆನ್ನಾಗಿದೆ ಅಮ್ಮ, ಡಿಸೈನ್ ನಿಮ್ಮದೇನಾ?"

"ನಮ್ಮವ್ವ ಹೇಳಿಕೊಟ್ಟದ್ರಿ. ನಮ್ಮ ಕಡೆ ನಮೂನಿ ಕೇಳಿದವ್ರಿಗೆ ಇಲ್ಲ ಅನ್ನಂಗಿಲ್ಲ."

"ಹಾಗಾದರೆ ಕಷ್ಟಪಟ್ಟು ಹೊಸದು ಮಾಡಿದವರಿಗೆ ಏನು ಲಾಭ?"

"ಕೂಲಿ ಬೇಕ ಬೇಕಲ್ರಿ, ನಾನೂ ತಗೋತೇನಿ! ಆದ್ರ ಹಳೇ ಗೋಪುರದ ನಮೂನಿಗೆ ಎರಡ ಎಳಿ ಹೆಚ್ಚಿಗಿ ಹಾಕಿ, 'ಇದು ಹೊಸಾದು, ಯಾರೂ ಮುಟ್ಟಬ್ಯಾಡ್ರಿ' ಅಂದ್ರ ಮಂದಿ ನಗಂಗಿಲ್ಲೇನ್ರಿ?"

ಪ್ರಹ್ಲಾದ್ ಫೈಲನ್ನು ಮೆಲ್ಲಗೆ ಬ್ಯಾಗಿಗೆ ಸೇರಿಸಿದರು.

ಬಟ್ಟೆಯ ಅಂಚಿನಲ್ಲಿ ನೀಲಿ ದಾರದ ಪುಟ್ಟ ದೀಪಗಳ ಸಾಲು. ಆದರೆ ಒಂದು ದೀಪ, ಒಂದು ಖಾಲಿ ಜಾಗ... ಮತ್ತೆ ದೀಪ, ಮತ್ತೆ ಖಾಲಿ.

"ಇದ್ಯಾಕಮ್ಮ ಹೀಗೆ?"

"ನನಗ ಕ್ಯಾನ್ಸರ್ ಐತ್ರಿ. ಮಾತ್ರಿ ತಗೊಂಡ ದಿನಕ್ಕ ಒಂದ ದೀಪ. ಭಾಳ ತುಟ್ಟಿ ಅದಾವ್ರಿ... ಅದಕ್ಕ ಒಂದ ದಿನ ಬಿಟ್ಟು ಒಂದ ದಿನ ತಗೋತೇನಿ. ದೀಪಾವಳಿಗೆ ಅದೇನೋ ಪೇಟೆಂಟ್ ಮುಗೀತೈತಂತ, ಆಮ್ಯಾಲೆ ಸಸ್ತಾ ಸಿಗ್ತಾವಂತ ಡಾಕ್ಟರ್ ಹೇಳ್ಯಾರ. ಅಲ್ಲೀ ಮಟಾ ಜೀವ ಹಿಡ್ಕೋಬೇಕ್ರಿ."

ಆಕೆ ಚೀಲದಿಂದ ತೆಗೆದ ಹಳದಿ ಸ್ಟ್ರಿಪ್ಪನ್ನು ಪ್ರಹ್ಲಾದ್ ಕೈಗೆ ತೆಗೆದುಕೊಂಡು ನೋಡಿದರು. ಅದು ಅವರದೇ ಮಾತ್ರೆ!

"ಒಂದು ದಿನವೂ ತಪ್ಪಿಸಬೇಡಿ ಅಮ್ಮ... ರೋಗ ಮತ್ತೆ ತಲೆ ಎತ್ತುತ್ತೆ," ಎಂದರು. ಆಮೇಲೆ ತಡೆದು ತಡೆದು ಹೇಳಿದರು. "ಇದನ್ನು ಕಂಡುಹಿಡಿದವರಲ್ಲಿ ನಾನೂ ಒಬ್ಬ."

ಬೈಯುತ್ತಾರೆ ಎಂದುಕೊಂಡಿದ್ದರು. ಆಕೆ ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

"ಈ ಕೈಯಿಂದನ ಅಲ್ಲೇನಪಾ ತಮ್ಮಾ, ನಾನು ಇವತ್ತ ಇಲ್ಲಿ ಕುಂತಿರೋದು... ನೂರು ವರ್ಷ ಬಾಳು."

ಪ್ರಹ್ಲಾದ್ ಕಿಟಕಿಯತ್ತ ಮುಖ ತಿರುಗಿಸಿ ಅತ್ತುಬಿಟ್ಟರು. ಈ ಕೈಯಿಂದ ಸೋಮವಾರ ಆ ಸಹಿ ಹೇಗೆ ಹಾಕುವುದು?

ಹಾಕಲಿಲ್ಲ! "ಲೇಪ ಬದಲಾಗಿದೆ, ಔಷಧಿ ಅದೇ" ಎಂದು ಬರೆದುಕೊಟ್ಟರು. ಅರ್ಜಿ ಅಲ್ಲಿಗೇ ನಿಂತಿತು.

ಮೇಲಿನವರು ಕೆಂಡಾಮಂಡಲವಾಗಿ ಅವರನ್ನು ಯಾವುದೋ ಮೂಲೆಯ ವಿಭಾಗಕ್ಕೆ ಎತ್ತಂಗಡಿ ಮಾಡಿದರು. ಮಾಡಲಿ ಬಿಡಿ! ದೀಪಾವಳಿಯವರೆಗಿನ ಮಾತ್ರೆಗಳನ್ನು ಪ್ರಹ್ಲಾದ್ ತಾವೇ ನೀಲಗಂಗಮ್ಮನವರಿಗೆ ಕಳಿಸಿದರು.

ದೀಪಾವಳಿ ಕಳೆಯಿತು. ಬೇರೆ ಕಂಪನಿಗಳೂ ಆ ಮಾತ್ರೆ ಮಾಡತೊಡಗಿ ರೇಟು ಇಳಿಯಿತು.

ಯುಗಾದಿಗೆ ಧಾರವಾಡದಿಂದ ಒಂದು ಪಾರ್ಸೆಲ್... ಬಿಚ್ಚಿದರೆ ಅದೇ ಬಟ್ಟೆ. ನೀಲಿ ಸಾಲಿನ ಶುರುವಿನಲ್ಲಿ ಆ ಖಾಲಿ ಜಾಗಗಳು ಹಾಗೇ ಇದ್ದವು. ಆಮೇಲೆ ಒಂದೂ ಇರಲಿಲ್ಲ.

ಕೆಳಗೆ ಕೆಂಪು, ಹಸಿರು, ಹಳದಿ ದೀಪಗಳ ಸಾಲುಗಳು ಬೇರೆ! ಜೊತೆಗೊಂದು ಚೀಟಿ...

"ತಮ್ಮಾ, ನೀಲಿ ದೀಪ ನನ್ನವು. ಉಳಿದವು ದವಾಖಾನಿ ಬೆಂಚಿನ ಮ್ಯಾಲೆ ನನ್ನ ಬಾಜೂಕ ಕೂಡೋರವು. ಅವ್ರೂ ಈಗ ದಿನಾ ತಗೋತಾರ."

ಜೀವ ಉಳಿಸುವ ವಿದ್ಯೆಗೆ ಕೂಲಿ ಸಿಗಲಿ... ಕೂಲಿ ಸಿಕ್ಕ ಮೇಲೆ ಬಾಗಿಲು ತೆರೆಯಲಿ.

ನಿಮ್ಮ ಒಂದು ಸಹಿಯನ್ನು ನಂಬಿ ಯಾರೋ ಎಲ್ಲೋ ಒಂದು ದಿನ ಬಿಟ್ಟು ಒಂದು ದಿನ ದೀಪ ಹಚ್ಚುತ್ತಿರಬಹುದು... ಯೋಚಿಸಿದ್ದೀರಾ?